ವಾರ ಬಿಡಿ, ಎತ್ತರ ನೋಡಿ

ಪ್ರಶ್ನೆ: ನಾವಿರುವುದು ಅಮೆರಿಕದ ಶಾರ್ಲಟ್‌ನಲ್ಲಿ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರಿಗೆ ಎಲೆ ಬಣ್ಣ ತಿರುಗುವುದನ್ನು ತೋರಿಸುವ ಆಸೆ. ಬೆಟ್ಟಗಳ ಮೇಲೆ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆಗೆ ಯಾವ ವಾರ ಹೋದರೆ ಸರಿ? ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಉತ್ತರ: ಎಲ್ಲರೂ ವಾರ ಕೇಳುತ್ತಾರೆ. ನೀವು ಎತ್ತರ ಕೇಳಿ. ಬಣ್ಣ ಬೆಟ್ಟದ ನೆತ್ತಿಯಲ್ಲಿ ಶುರುವಾಗಿ ದಿನದಿನಕ್ಕೆ ಕೆಳಗಿಳಿಯುತ್ತದೆ, ಹಾಗಾಗಿ ಇಡೀ ಅಕ್ಟೋಬರ್‌ನಲ್ಲಿ ಎಲ್ಲೋ ಒಂದು ಕಡೆ ಅದು ಚೆನ್ನಾಗಿಯೇ ಇರುತ್ತದೆ. ತಿಂಗಳ ಮೊದಲ ದಿನಗಳಾದರೆ ಆಶ್‌ವಿಲ್ ಊರು ದಾಟಿ ದಕ್ಷಿಣಕ್ಕೆ ಹೋಗಿ. ಗ್ರೇವ್‌ಯಾರ್ಡ್ ಫೀಲ್ಡ್ಸ್, ಅಲ್ಲಿಂದ ಮುಂದೆ 6,053 ಅಡಿ ಎತ್ತರದಲ್ಲಿರುವ ರಿಚ್‌ಲ್ಯಾಂಡ್ ಬಾಲ್ಸಮ್ ವೀಕ್ಷಣಾ ತಾಣ, ಇವೆಲ್ಲ ಬೇಗ ಕೆಂಪಾಗಿ ಬೇಗ ಉದುರುವ ಜಾಗಗಳು. ತಿಂಗಳ ಮಧ್ಯಕ್ಕೆ ಬ್ಲೋಯಿಂಗ್ ರಾಕ್ ಊರು, ಗ್ರ್ಯಾಂಡ್‌ಫಾದರ್ ಮೌಂಟನ್ ಬೆಟ್ಟದ ಕಡೆ. ಕೊನೆಯ ವಾರಕ್ಕೆ ಬಿದ್ದಿರಾ? ಬೇಜಾರು ಬೇಡ, ಆಶ್‌ವಿಲ್ ಸುತ್ತಮುತ್ತ ಕೆಳಗಿನ ಕಾಡಿಗೆ ಆಗಷ್ಟೇ ಬಣ್ಣ ಬಂದಿರುತ್ತದೆ.

ನಿಮಗೆ ನಾನು ಹೇಳುವುದು ಬ್ಲೋಯಿಂಗ್ ರಾಕ್ ದಾರಿ. ಶಾರ್ಲಟ್‌ನಿಂದ ಸುಮಾರು ಎರಡು ಗಂಟೆ. ಮೊದಲು ಮೋಸೆಸ್ ಕೋನ್ ಉದ್ಯಾನದ ಬಾಸ್ ಲೇಕ್‌ಗೆ ಹೋಗಿ. ಕೆರೆಯ ಸುತ್ತ ಹಾದಿ ಸಮತಟ್ಟಾಗಿದೆ, ಮೇಪಲ್ ಮರಗಳು ಹತ್ತಿರವೇ ಇವೆ. ಅಮ್ಮ ಒಂದಿಷ್ಟು ದೂರ ನಡೆದು ಸಾಕೆನಿಸಿದರೆ ವಾಪಸ್ ಬರಬಹುದು. ಆಮೇಲೆ ದಕ್ಷಿಣಕ್ಕೆ ತಿರುಗಿ 304ನೇ ಮೈಲಿಗಲ್ಲಿನ ಹತ್ತಿರ ಇರುವ ಲಿನ್ ಕೋವ್ ಸೇತುವೆ ಮೇಲೆ ನಿಧಾನಕ್ಕೆ ಹೋಗಿ. ಬೆಟ್ಟವನ್ನು ಕಡಿಯದೆ, ಅದರ ಪಕ್ಕದಲ್ಲೇ ಗಾಳಿಯಲ್ಲಿ ಬಾಗಿ ಹೋಗುವ ರಸ್ತೆ ಅದು. 153 ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಮಾಡಿದ್ದಾರೆ, ಅದರಲ್ಲಿ ನೇರವಾಗಿರುವುದು ಒಂದೇ ಒಂದು! 1935ರಲ್ಲಿ ಶುರುವಾದ 469 ಮೈಲಿ ಪಾರ್ಕ್‌ವೇ ಪೂರ್ತಿಯಾಗಿದ್ದು 1987ರಲ್ಲಿ, ಈ ಸೇತುವೆ ಸೇರಿದ ಮೇಲೆ. ಕಾರಿನಲ್ಲಿ ಕೂತೇ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ ತುಂಬ ಕೆಂಪು ಹಳದಿ ನೋಡಬಹುದು. ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಡಿ, ಆ ಜಾಗ ಅಮ್ಮನಿಗಿರಲಿ. ತಿರುವುಗಳಲ್ಲಿ ಹಿಂದೆ ಕೂತವರಿಗೇ ತಲೆಸುತ್ತು ಜಾಸ್ತಿ, ಮಂಡಿ ಚಾಚಲು ಮುಂದೆ ಜಾಗವೂ ಇರುತ್ತದೆ.

ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ, ಪಾರ್ಕ್‌ವೇ ಮೇಲೆ ಬಂಕ್ ಒಂದೂ ಇಲ್ಲ. ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 45 ಮೈಲಿ. ಪ್ರವೇಶಕ್ಕೆ ದುಡ್ಡಿಲ್ಲ. ಅಕ್ಟೋಬರ್‌ನ ಎರಡನೇ ಸೋಮವಾರ ಅಮೆರಿಕದಲ್ಲಿ ಸರ್ಕಾರಿ ರಜೆ, ಆ ವಾರಾಂತ್ಯ ಮಾತ್ರ ದಯವಿಟ್ಟು ಹೋಗಬೇಡಿ, ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಈ ರಸ್ತೆಗೆ ತುಂಬ ಹಾನಿ ಮಾಡಿತು, ಆದ್ದರಿಂದ ಹೊರಡುವ ದಿನ ಬೆಳಗ್ಗೆ ನ್ಯಾಷನಲ್ ಪಾರ್ಕ್ ಸರ್ವಿಸ್ ವೆಬ್‌ಸೈಟ್‌ನಲ್ಲಿ ಯಾವ ಭಾಗ ತೆರೆದಿದೆ ಅಂತ ನೋಡಿಯೇ ಹೊರಡಿ.

ಪ್ರಶ್ನೆ: ಒಂದು ವರ್ಷ ಎಲೆಗಳ ಕೆಂಪು ಕಣ್ಣು ಕುಕ್ಕುತ್ತದೆ, ಇನ್ನೊಂದು ವರ್ಷ ಸಪ್ಪೆ. ಯಾಕೆ?

ಉತ್ತರ: ಹಳದಿ ಬಣ್ಣ ಎಲೆಯಲ್ಲಿ ಮೊದಲೇ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದೆ ಅಷ್ಟೇ. ಟ್ಯೂಲಿಪ್ ಪಾಪ್ಲರ್, ಹಿಕರಿ ಮರಗಳು ಹಾಗೆ. ಕೆಂಪು ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಅದನ್ನು ಆಗ ಹೊಸದಾಗಿ ಮಾಡಿಕೊಳ್ಳಬೇಕು. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ ಇದ್ದರೆ ಸೌರ್‌ವುಡ್, ಕೆಂಪು ಮೇಪಲ್ ಮರಗಳು ಬೆಂಕಿಯಂತೆ ಉರಿಯುತ್ತವೆ. ಮೋಡ ಕವಿದು ಬೆಚ್ಚಗಿದ್ದರೆ ಮಂಕು.

ಪ್ರಶ್ನೆ: ನಮ್ಮ ಕರ್ನಾಟಕದಲ್ಲಿ ಇಂಥದ್ದು ಎಲ್ಲೂ ಇಲ್ವಾ?

ಉತ್ತರ: ಇದೆ, ಆದರೆ ಉಲ್ಟಾ. ನಮ್ಮಲ್ಲಿ ಕೆಂಪಾಗುವುದು ಹೆಚ್ಚಾಗಿ ಚಿಗುರು. ಫೆಬ್ರವರಿ, ಮಾರ್ಚ್‌ನಲ್ಲಿ ಬಂಡೀಪುರದ ಒಣ ಕಾಡಿನ ನಡುವೆ ಸಾಗಡೆ ಮರ ಮೈತುಂಬ ಕೆಂಪು ಚಿಗುರು ಹೊತ್ತು ನಿಂತಿರುತ್ತದೆ, ದೂರದಿಂದ ಹೂವು ಅಂದುಕೊಳ್ಳಬೇಕು. ಘಟ್ಟದ ಹಸಿರು ಕಾಡಿನಲ್ಲಿ ನಾಗಸಂಪಿಗೆಯ ಚಿಗುರೂ ಹಾಗೇ ಕೆಂಪು. ಇದನ್ನು ನೋಡಲೆಂದೇ ಯಾಕೆ ಯಾರೂ ಹೊರಡುವುದಿಲ್ಲವೋ ನನಗಂತೂ ಅರ್ಥವಾಗುವುದಿಲ್ಲ. ಗುಂಡ್ಲುಪೇಟೆ ಬಿಟ್ಟು ಮುಂದೆ ಬೆಳಗ್ಗೆ ಬೇಗ ಹೋಗಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ, ಮತ್ತೆ ಕಾಡೊಳಗೆ ಫೋಟೊಗೆಂದು ಕಾರು ನಿಲ್ಲಿಸಿ ಇಳಿಯಬೇಡಿ.