ಬೆಂಗಳೂರಿನಲ್ಲಿ ಮನೆ ಕೊಳ್ಳುವ ಮುಂಚೆ ಯಾವ ಪ್ರಕೃತಿ ವಿಕೋಪದ ಬಗ್ಗೆ ಯೋಚಿಸಬೇಕು?

ಭೂಕಂಪಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಇಲ್ಲಿ ಆ ಅಪಾಯ ಕಡಿಮೆ. ಚಂಡಮಾರುತವೂ ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚಾಗಿ ಬರೀ ಮಳೆಯಾಗಿರುತ್ತದೆ. ನೀವು ಹೆದರಬೇಕಾಗಿರುವುದು ನೀರಿಗೆ.

ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ದೊಡ್ಡ ನದಿಯೂ ಹತ್ತಿರವಿಲ್ಲ. ಮತ್ತೆ ಮುಳುಗುವುದು ಹೇಗೆ ಅಂತೀರಾ? ಹಿಂದೆ ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು. ಈಗ ಎಷ್ಟೋ ಕಡೆ ಆ ದಾರಿಯಲ್ಲೇ ಲೇಔಟ್‌ಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ಬೋಟು, ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. 2024ರ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು, 1891ರಿಂದ ಇದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದರು! ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಕೆರೆ ಉಳಿದಿದ್ದರೆ ಎರಡೂ ಕಷ್ಟ ಕಡಿಮೆಯಾಗುತ್ತಿತ್ತು, ಅಲ್ವಾ?

ಹಾಗಾಗಿ ಸೈಟಿನ ಹಳೆಯ ಗ್ರಾಮ ನಕ್ಷೆ ತೆಗೆಸಿ, ಕೆರೆ, ಕಾಲುವೆ ಎಲ್ಲಿತ್ತು ನೋಡಿ. ಬೇಸ್‌ಮೆಂಟಿಗೆ ಇಳಿದು ಕಂಬಗಳನ್ನು ಗಮನಿಸಿ. ನೀರು ನಿಂತಿದ್ದರೆ ಮೊಣಕಾಲೆತ್ತರದಲ್ಲಿ ಕಂದು ಗೆರೆ ಇರುತ್ತದೆ, ಅಥವಾ ಅಷ್ಟೆತ್ತರಕ್ಕೆ ಮಾತ್ರ ಹೊಸ ಬಣ್ಣ. ಬೀದಿಯ ಅಂಗಡಿಯವರನ್ನೂ ವಿಚಾರಿಸಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ ಬಂದ ಮಾರನೇ ದಿನ ಹೋಗಿ ನೋಡಿದರೆ ಇನ್ನೂ ಒಳ್ಳೆಯದು.

ಏಪ್ರಿಲ್, ಮೇ ಗಾಳಿಮಳೆಗೆ ಮರ ಉರುಳುವುದು ಮಾಮೂಲು. ಹಳೆಯ ಗುಲ್‌ಮೊಹರ್ ಕೆಳಗೆ ಕಾರು ನಿಲ್ಲಿಸಬೇಡಿ.