ಕಲಬುರಗಿಯಲ್ಲಿ ಸ್ತನ ಕ್ಯಾನ್ಸರ್ ಸಂಶೋಧನೆಗೆ ವಾಕಥಾನ್ ಮಾಡಬೇಕು ಅಂತಿದ್ದೇವೆ. ಹೆಚ್ಚು ಹಣ ಕೂಡಿಸೋದು ಹೇಗೆ?

ಇದೇ ಊರು, ಸ್ತನ ಕ್ಯಾನ್ಸರ್ ಜಾಗೃತಿಯ ಇದೇ ಅಕ್ಟೋಬರ್ ತಿಂಗಳು, ಇದೇ ಗುಲಾಬಿ ಟೀ ಶರ್ಟು. ನಮ್ಮ ಮಹಿಳಾ ಮಂಡಳದವರೂ ಹೀಗೇ ಹೊರಟಿದ್ದೆವು. ಜಗತ್ ವೃತ್ತದಿಂದ ಸರ್ದಾರ್ ಪಟೇಲ್ ವೃತ್ತದವರೆಗೆ ನಡಿಗೆ, ತಲಾ ಇನ್ನೂರು ರೂಪಾಯಿ ನೋಂದಣಿ, ಬಂದ ಹಣವೆಲ್ಲ ಸಂಶೋಧನೆಗೆ.

ನಡಿಗೆ ಚೆನ್ನಾಗಿಯೇ ಆಯಿತು. ಜನ ಬಂದರು, ಸೀರೆ ಮೇಲೆ ಟೀ ಶರ್ಟ್ ಹಾಕಿಕೊಂಡು ಅಜ್ಜಿಯರೂ ನಡೆದರು. ಆದರೆ ನೋಂದಣಿ ಹಣ ಟೀ ಶರ್ಟಿಗೆ, ಬ್ಯಾನರಿಗೆ, ನೀರಿನ ಬಾಟಲಿಗೆ ಸರಿಹೋಯಿತು. ಉಳಿದದ್ದು ದಾಲ್ ಮಿಲ್ಲಿನವರು ಮತ್ತು ಬಟ್ಟೆ ಅಂಗಡಿಯವರು ಕೊಟ್ಟ ದೇಣಿಗೆ ಮಾತ್ರ. ನಿಮಗೂ ಹೀಗೇ ಆಗುತ್ತದೆ, ಬರೆದಿಟ್ಟುಕೊಳ್ಳಿ.

ನಾವು ಕೆಟ್ಟದ್ದು ಆ ದೇಣಿಗೆಯ ರಸೀದಿಯಲ್ಲಿ. ಅಚ್ಚು ಹಾಕಿಸುವಾಗ "ಸ್ತನ ಕ್ಯಾನ್ಸರ್ ಸಂಶೋಧನಾ ನಿಧಿಗೆ" ಅಂತ ಬರೆಸಿದ್ದೆವು. ಕೇಳೋಕೆ ಭಾರಿ ಅನ್ನಿಸಿತ್ತು. ಯಾವ ಸಂಶೋಧನೆ, ಯಾರು ಮಾಡುತ್ತಿದ್ದಾರೆ, ನಮ್ಮಂಥವರ ಹಣ ತೆಗೆದುಕೊಳ್ಳುತ್ತಾರಾ? ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಡಿಗೆ ಮುಗಿದ ಮೇಲೆ ಒಂದು ದೊಡ್ಡ ಸಂಸ್ಥೆಗೆ ಪತ್ರ ಬರೆದೆವು. ಮರ್ಯಾದೆಯಿಂದಲೇ ಉತ್ತರ ಬಂತು. ಸಂಶೋಧನೆಗೆ ಅದರದ್ದೇ ಯೋಜನೆ, ಅದರದ್ದೇ ಮಂಜೂರಾತಿ ಇರುತ್ತದೆ, ಇಷ್ಟು ಸಣ್ಣ ಮೊತ್ತವನ್ನು ಅದರಲ್ಲಿ ಸೇರಿಸೋಕೆ ಬರುವುದಿಲ್ಲ, ಬೇಕಾದರೆ ಬಡ ರೋಗಿಗಳ ನಿಧಿಗೆ ಕೊಡಿ ಅಂತ. ಅಲ್ಲಿಗೆ ಕೊಟ್ಟರೆ ಅವರ ರಸೀದಿ ಒಂದು ಹೇಳುತ್ತದೆ, ನಮ್ಮ ರಸೀದಿ ಇನ್ನೊಂದು. ಕೊಟ್ಟುಬಿಡೋಣ, ಯಾರು ಕೇಳ್ತಾರೆ ಅಂತ ಅರ್ಧ ಜನ. ಒಂದು ಹೇಳಿ ತಂದ ಹಣ ಇನ್ನೊಂದಕ್ಕೆ ಹೇಗೆ ಕೊಡೋದು ಅಂತ ಉಳಿದರ್ಧ. ಜಗಳ ಮುಗಿಯಲಿಲ್ಲ, ಹಣ ಬ್ಯಾಂಕಿನಲ್ಲೇ ಕೂತಿತು.

ಅದೇ ಹೊತ್ತಿಗೆ ನಮ್ಮ ಓಣಿಗೆಲ್ಲ ಜೋಳದ ರೊಟ್ಟಿ ಮಾಡಿಕೊಡುವ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆಪರೇಷನ್ನಿಗೆ ತೊಂದರೆ ಆಗಲಿಲ್ಲ. ಕಷ್ಟ ಶುರುವಾದದ್ದು ರೇಡಿಯೇಷನ್ ಹೊತ್ತಿಗೆ. ಅದು ಒಂದು ದಿನದ ಕೆಲಸ ಅಲ್ಲ. ವಾರಕ್ಕೆ ಐದು ದಿನ, ಹೀಗೆ ವಾರಗಟ್ಟಲೆ ಹೋಗಬೇಕು. ಮೇಜಿನ ಮೇಲೆ ಮಲಗೋದು ಕೆಲವು ನಿಮಿಷ, ಆದರೆ ಅದಕ್ಕಾಗಿ ಇಡೀ ದಿನ ಹೋಗುತ್ತದೆ. ಅವರು ಹೈದರಾಬಾದಿನಲ್ಲಿ ಮಾಡಿಸಿದರು, ಅಲ್ಲೇ ರೂಮು ಹಿಡಿಯಬೇಕಾಯಿತು. ರೂಮಿನ ಬಾಡಿಗೆ, ಜೊತೆಗೆ ಹೋದ ಮಗಳ ಊಟ, ಇಬ್ಬರದ್ದೂ ಹೋದ ದುಡಿಮೆ, ಇದೆಲ್ಲ ಯಾವ ಕಾರ್ಡಿನಲ್ಲಿ ಬರುತ್ತದೆ? ನಮ್ಮ ಹತ್ತಿರ ಹಣ ಇತ್ತು. ಕೊಡೋಕೆ ಆಗಲಿಲ್ಲ. ಕೊನೆಗೆ ಕೈಯಿಂದ ಹಾಕಿ ಕಳಿಸಿದೆವು.

ಮುಂದಿನ ವರ್ಷ ಮತ್ತೆ ಬಟ್ಟೆ ಅಂಗಡಿ ಮೆಟ್ಟಿಲು ಹತ್ತಿದಾಗ ಸಾಹುಕಾರರು ಕೇಳಿದರು: "ಹೋದ ವರ್ಷದ ರೊಕ್ಕ ಏನಾತ್ರಿ ಅಕ್ಕಾರ?" ಬ್ಯಾಂಕಿನಲ್ಲಿದೆ ಅಂದೆ. "ಬ್ಯಾಂಕಿನ್ಯಾಗ ಇಡಾಕ ನಮ್ಮ ಗಲ್ಲಾದಾಗಿಂದ ಯಾಕ ಒಯ್ದ್ರಿ?" ಬಾಯಿಂದ ಮಾತು ಹೊರಡಲಿಲ್ಲ. ಆ ವರ್ಷ ನಡಿಗೆ ನಡೆಯಲೇ ಇಲ್ಲ. ದೇಣಿಗೆ ಕೊಟ್ಟ ಒಬ್ಬೊಬ್ಬರ ಮನೆಗೂ ಹೋಗಿ, ರೋಗಿಗಳಿಗೆ ಕೊಡೋಕೆ ಒಪ್ಪಿಗೆ ಅಂತ ಸಹಿ ಹಾಕಿಸಿಕೊಂಡು ಬಂದೆವು.

ಅದಕ್ಕೇ ಹೇಳ್ತೀನಿ, ಸಂಶೋಧನೆ ಬಿಡಿ. ಸಂಶೋಧನೆ ಸಣ್ಣದು ಅಂತಲ್ಲ. ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಸ್ತನ ಪರೀಕ್ಷೆ ಮಾಡಿದ ಕಡೆ ರೋಗ ಬೇಗ ಸಿಕ್ಕಿತು, 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆಯಾಯಿತು. ಅಷ್ಟು ದೊಡ್ಡ ಕೆಲಸ ನಮ್ಮ ವಾಕಥಾನ್ ಹಣದಲ್ಲಿ ಆಗೋದಲ್ಲ. ಆದರೆ ಅದರ ಫಲವನ್ನು ನಮ್ಮ ಜಿಲ್ಲೆಯ ಆಳಂದಕ್ಕೋ ಸೇಡಂಗೋ ಒಯ್ಯಬಹುದು ಅಲ್ವಾ? ನಡಿಗೆಗೆ ಬಂದವರಿಗೆ ಅಲ್ಲೇ ಒಂದು ಕೋಣೆಯಲ್ಲಿ ಪರೀಕ್ಷೆ ಮಾಡಿಸಿ. ವೇದಿಕೆ ಮೇಲೆ ಗಂಡಸರ ಭಾಷಣಕ್ಕಿಂತ ಅದು ಮೇಲು. ನಮ್ಮ ಕಡೆ ಹೆಂಗಸರು ಎದೆಯ ಗಂಟನ್ನು ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ.

ಹಣ ರೋಗಿಗಳ ಊಟ, ವಸತಿ, ಓಡಾಟಕ್ಕೆ ಇಡಿ. ನಮ್ಮೂರಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಇದೆ, ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಯಾರಿಗೆ, ಯಾವ ಖಾತೆಗೆ, ಯಾವುದಕ್ಕೆ ಅಂತ ಮೊದಲೇ ಲಿಖಿತದಲ್ಲಿ ಒಪ್ಪಿಗೆ ತಗೊಂಡು ಆಮೇಲೆ ರಸೀದಿ ಅಚ್ಚು ಹಾಕಿಸಿ. ಸಾಧ್ಯವಾದರೆ ನೇರ ಆ ಸಂಸ್ಥೆಯ ಖಾತೆಗೇ ಹಾಕಿಸಿ, ನೀವು ಹಣ ಮುಟ್ಟಲೇಬೇಡಿ. ವ್ಯಾಪಾರಸ್ಥರು 80ಜಿ, ಅಂದರೆ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ರಸೀದಿ, ಕೇಳ್ತಾರೆ. ನಗದು 2,000 ರೂಪಾಯಿ ದಾಟಿದರೆ ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ, ಚೆಕ್ ಅಥವಾ ಆನ್‌ಲೈನ್ ಅಂತಲೇ ಹೇಳಿ.

ನೋಂದಣಿ ಶುಲ್ಕದ ಮೇಲೆ ಜೀವ ಇಡಬೇಡಿ. ಅಮೆರಿಕದಲ್ಲಿ ಇಂಥ ನಡಿಗೆಗೆ ಬರುವವರು ನಡೆಯುವ ಮೊದಲೇ ನೆಂಟರು, ಗೆಳೆಯರ ಹತ್ತಿರ ಹಣ ಎತ್ತಿರುತ್ತಾರೆ. ನಿಮ್ಮಲ್ಲೂ ಒಬ್ಬೊಬ್ಬರು ಐದು ಮನೆ ಹತ್ತಿದರೆ ಟೀ ಶರ್ಟಿನ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಭಾಗ ಮಾಫಿ. ಆಸ್ಪತ್ರೆಯವರು ಫಾರ್ಮ್ ತುಂಬಿ ಕೊಡಬೇಕು. ನಮ್ಮ ರೊಟ್ಟಿ ಅಕ್ಕನಿಗೆ ಇದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಿಮ್ಮ ಪಾಂಪ್ಲೆಟ್ಟಿನ ಹಿಂದೆ ಅತಿಥಿಗಳ ಫೋಟೋ ಬದಲು ಇದನ್ನು ಹಾಕಿಸಿ.