ಮ್ಯಾಕ್ಸ್‌ಬೈಟ್ಸ್ ಒಂದೇ ಕೊಟ್ರೆ ಲಾಗ್ ತಿರುಗಲ್ಲ

ಲಾಗ್ ಫೈಲ್ (ಪ್ರೋಗ್ರಾಂ ತಾನು ಮಾಡಿದ್ದನ್ನ ಸಾಲುಸಾಲಾಗಿ ಬರೆದಿಡೋ ಫೈಲ್) ತಿರುಗದೆ ಬೆಳೀತಾನೇ ಇದೆ, ಕೆಲವು ಲಾಗರ್ ಮೌನ ಅಂತ ಕೇಳಿದ್ರಲ್ಲ, ನೀವು ಹಾಕಿರೋ ಪೈಥಾನ್ ಕಾನ್ಫಿಗ್ ನೋಡಿದೆ. ಫೈಲ್ ತುಂಬಿದಾಗ ಹಳೇದನ್ನ ಪಕ್ಕಕ್ಕಿಟ್ಟು ಹೊಸದು ಶುರುಮಾಡೋ (ಇದೇ ರೊಟೇಶನ್, ತಿರುಗಿಸೋದು) ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್‌ಗೆ ಮ್ಯಾಕ್ಸ್‌ಬೈಟ್ಸ್ ಅಂತ 10 ಎಂಬಿ ಮಿತಿ ಕೊಟ್ಟಿದ್ದೀರಿ, ಎಷ್ಟು ಹಳೇ ಫೈಲ್ ಇಡಬೇಕು ಅನ್ನೋ ಬ್ಯಾಕಪ್‌ಕೌಂಟ್ ಕೊಟ್ಟಿಲ್ಲ. ಅದರ ಡಿಫಾಲ್ಟ್ 0. ಎರಡರಲ್ಲಿ ಒಂದು ಸೊನ್ನೆ ಆದ್ರೂ ರೊಟೇಶನ್ ನಡೆಯೋದೇ ಇಲ್ಲ, ಎರರ್ರೂ ಬರಲ್ಲ. ಮೊದಲು 5 ಅಂತ ಹಾಕಿ, ಮಿಕ್ಕಿದ್ದು ಆಮೇಲೆ.

ನಾನೂ ಇದೇ ಗುಂಡಿಗೆ ಬಿದ್ದವನು. ಸಾಲದ್ದಕ್ಕೆ ರೂಟ್ ಲಾಗರನ್ನ (ಎಲ್ಲ ಲಾಗರ್‌ಗಳ ಮೂಲ) ಡೀಬಗ್‌ನಲ್ಲೇ (ಸಣ್ಣಪುಟ್ಟದ್ದನ್ನೂ ಬರೆಯೋ ಮಟ್ಟ) ಬಿಟ್ಟು ಪ್ರೊಡಕ್ಷನ್‌ಗೆ, ಅಂದ್ರೆ ಜನ ಬಳಸೋ ಸರ್ವರ್‌ಗೆ ಕಳಿಸಿದ್ದೆ. ರೂಟ್ ಡೀಬಗ್ ಅಂದ್ರೆ ನಿಮ್ಮ ಕೋಡ್ ಒಂದೇ ಅಲ್ಲ, ಯುಆರ್‌ಎಲ್‌ಲಿಬ್3, ಬೋಟೋಕೋರ್ ಥರದ ಲೈಬ್ರರಿಗಳೆಲ್ಲವೂ ಬಾಯಿ ಬಿಡ್ತವೆ. ನಡುರಾತ್ರಿ ಡಿಸ್ಕ್ ತುಂಬಿ ಡೇಟಾಬೇಸ್ ನಿಂತೇ ಹೋಯ್ತು. ಗಾಬರೀಲಿ ಲಾಗ್ ಫೈಲಿಗೆ ಆರ್‌ಎಂ (ಅಳಿಸೋ ಕಮಾಂಡ್) ಹೊಡೆದೆ. ಫೈಲ್ ಮಾಯ, ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಮಾತ್ರ ಇನ್ನೂ 100% ಅನ್ನುತ್ತೆ! ಅರ್ಧ ಗಂಟೆ ಬೇರೆ ಫೋಲ್ಡರ್‌ಗಳನ್ನ ಜಾಲಾಡಿದೆ. ಕಡೆಗೆ ತೆರೆದಿರೋ ಫೈಲ್‌ಗಳ ಪಟ್ಟಿ ಕೊಡೋ ಎಲ್‌ಎಸ್‌ಒಎಫ್ ಓಡಿಸಿದಾಗ ಗೊತ್ತಾಯ್ತು: ಪ್ರೋಸೆಸ್ ಆ ಫೈಲನ್ನ ತೆರೆದಿಟ್ಟುಕೊಂಡಿರೋ ತನಕ ಲಿನಕ್ಸ್ ಜಾಗ ವಾಪಸ್ ಕೊಡಲ್ಲ. ಅಂಥ ಹೊತ್ತಲ್ಲಿ ಅಳಿಸಬೇಡಿ, ಟ್ರಂಕೇಟ್ ಮಾಡಿ, ಅಂದ್ರೆ ಫೈಲ್ ಇಟ್ಟು ಒಳಗಿನದನ್ನ ಖಾಲಿ ಮಾಡಿ. ಫೈಲ್ ಅಪೆಂಡ್ ಮೋಡ್‌ನಲ್ಲಿ (ಕೊನೆಗೇ ಸೇರಿಸ್ತಾ ಹೋಗೋ ರೀತಿ) ತೆರೆದಿರಬೇಕು ಅಷ್ಟೆ. ಪೈಥಾನ್ ಹ್ಯಾಂಡ್ಲರ್ ಡಿಫಾಲ್ಟಾಗಿ ಹಾಗೇ ತೆರೆಯುತ್ತೆ.

ಗುನಿಕಾರ್ನ್ ಅನ್ನೋ ಪೈಥಾನ್ ವೆಬ್ ಸರ್ವರ್‌ನಲ್ಲಿ ನಾಲ್ಕು ವರ್ಕರ್ ಇದ್ರೆ ಬ್ಯಾಕಪ್‌ಕೌಂಟ್ ಕೊಟ್ರೂ ಸಾಲದು. ಒಂದೇ ಫೈಲನ್ನ ನಾಲ್ಕು ಪ್ರೋಸೆಸ್ ತಿರುಗಿಸೋಕೆ ಹೋಗಿ ಸಾಲುಗಳು ಕಳೆದುಹೋಗ್ತವೆ. ನಾನೀಗ ವಾಚ್ಡ್‌ಫೈಲ್‌ಹ್ಯಾಂಡ್ಲರ್ (ಫೈಲ್ ಬದಲಾದ್ರೆ ಗಮನಿಸಿ ಹೊಸದನ್ನ ತೆರೆಯೋದು) ಇಟ್ಟು, ತಿರುಗಿಸೋ ಕೆಲಸ ಲಿನಕ್ಸ್‌ನ ಲಾಗ್‌ರೊಟೇಟ್ ಪ್ರೋಗ್ರಾಂಗೆ ಬಿಟ್ಟಿದ್ದೀನಿ. ಅಲ್ಲಿ ಕಾಪಿಟ್ರಂಕೇಟ್ ಹಾಕಬೇಡಿ. ನಕಲು ಮಾಡಿ ಖಾಲಿ ಮಾಡೋ ಸಂದಿಯಲ್ಲಿ ಬಂದ ಸಾಲು ಹೋಯ್ತು ಅಂತಲೇ ಲೆಕ್ಕ. ಡಾಕರ್ (ಆ್ಯಪನ್ನ ಕಂಟೇನರ್ ಅನ್ನೋ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸೋದು) ಆದ್ರೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಬರೀರಿ. ಆದರೆ ಆ ಔಟ್‌ಪುಟ್ಟನ್ನ ಡಾಕರ್ ಬರೆದಿಡೋ ಜೇಸನ್-ಫೈಲ್ ಡ್ರೈವರ್‌ಗೂ ಡಿಫಾಲ್ಟಾಗಿ ಮಿತಿ ಇಲ್ಲ, ಮ್ಯಾಕ್ಸ್-ಸೈಜ್, ಮ್ಯಾಕ್ಸ್-ಫೈಲ್ ನಾವೇ ಕೊಡಬೇಕು. ಕೊಟ್ಟ ಮೇಲೆ ಕಂಟೇನರ್ ಹೊಸದಾಗಿ ಮಾಡಿ, ಹಳೇದಕ್ಕೆ ಅನ್ವಯಿಸಲ್ಲ.

ಮೇಲಿನ ಕಾಮೆಂಟಲ್ಲಿ ಯಾರೋ ಲೋಗುರು (ಪೈಥಾನ್‌ನ ಇನ್ನೊಂದು ಲಾಗಿಂಗ್ ಲೈಬ್ರರಿ) ಹಾಕಿ ಅಂದಿದ್ದಾರೆ. ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಡಯಾಗ್ನೋಸ್ ಅನ್ನೋ ಆಯ್ಕೆ ಅದರಲ್ಲಿ ಡಿಫಾಲ್ಟಾಗೇ ಆನ್. ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಬಂತು ಅನ್ನೋ ಜಾಡು) ಜೊತೆ ವೇರಿಯಬಲ್‌ಗಳ ಬೆಲೆಯೂ ಲಾಗಿಗೆ ಬೀಳುತ್ತೆ, ಪಾಸ್‌ವರ್ಡ್ ಇದ್ರೆ ಅದೂ. ಪ್ರೊಡಕ್ಷನ್‌ನಲ್ಲಿ ಆಫ್ ಮಾಡಿ. ನಿಮ್ಮ ಕೋಡಲ್ಲೂ ಲಾಗಿನ್ ರಿಕ್ವೆಸ್ಟ್ ಇಡೀ ಬಾಡಿ ಲಾಗ್ ಆಗ್ತಿದೆಯಲ್ಲ ಸ್ವಾಮಿ, ಅದನ್ನ ಇವತ್ತೇ ತೆಗೀರಿ.

ಇನ್ನು "ಕೆಲವು ಲಾಗರ್ ಮೌನ" ಅಂದ್ರಲ್ಲ, ಲಾಗಿಂಗ್ ಹೊಂದಿಸೋ ಡಿಕ್ಟ್‌ಕಾನ್ಫಿಗ್‌ನಲ್ಲಿ ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್ ನೋಡಿ. ಹೇಳದಿದ್ರೆ ಅದು ಟ್ರೂ, ಆಗ ಮೊದಲೇ ಇದ್ದ ಲಾಗರ್‌ಗಳು ಬಂದ್ ಆಗ್ತವೆ. ಫಾಲ್ಸ್ ಮಾಡಿ.

ಎಲ್ಲ ಆದ ಮೇಲೆ ಪರೀಕ್ಷೆಗಂತ ಮ್ಯಾಕ್ಸ್‌ಬೈಟ್ಸ್ 2000ಕ್ಕೆ ಇಳಿಸಿ ಒಂದೇ ಪ್ರೋಸೆಸ್‌ನಲ್ಲಿ ಓಡಿಸಿ. ಫೈಲ್ ಹೆಸರಿನ ಕೊನೆಗೆ .1 ಬಂತಾ ಅಂತ ಇಲ್ಲೇ ಹಾಕಿ.